ಮುಪ್ಪಿಗಲ್ಲ ಬೆಲೆ, ಶ್ರುತಿಗೆ

ಹಳೆಯದಾದಷ್ಟೂ ಪಿಟೀಲಿನ ಬೆಲೆ ಏರುತ್ತದೆ ಎಂಬ ನಂಬಿಕೆಯನ್ನು ಕ್ಲಾರಿನೆಟ್ಟಿಗೂ ಹಚ್ಚಿ ಮಾರಾಟಕ್ಕಿಳಿದವರು ನಿರಾಶರಾಗುವುದೇ ಹೆಚ್ಚು. ಪಿಟೀಲಿನಲ್ಲಿ ಮರದ ಹಲಗೆಯೇ ಕಂಪಿಸುತ್ತದೆ. ಕ್ಲಾರಿನೆಟ್ಟಿನಲ್ಲಿ ರೀಡು ಮತ್ತು ಕೊಳವೆಯೊಳಗಿನ ಗಾಳಿ. ಕ್ಲಾರಿನೆಟ್ ಮಾಡುವ ಆಫ್ರಿಕಾದ ಕರಿಮರ ಎಷ್ಟು ಮಾಗಿದರೂ ನಾದಕ್ಕೆ ಹೇಳಿಕೊಳ್ಳುವಂಥ ಲಾಭವಿಲ್ಲ. ಮರ ಒಣಗಿ ಕೊಳವೆಯ ಒಳ ಅಳತೆ ಕೊಂಚ ಬದಲಾದರೆ ಸ್ವರಗಳು ಕೆಡುವುದುಂಟು. ಹಾಗಾಗಿ ಬೆಲೆ ಕಟ್ಟುವವರು ವಯಸ್ಸನ್ನು ಬದಿಗಿಟ್ಟು, ಇವತ್ತು ನಾಲ್ಕು ಜನರ ಜೊತೆ ಕೂತು ಇದನ್ನು ನುಡಿಸಲು ಬರುತ್ತದೆಯೇ ಎಂದು ಕೇಳುವುದು ಒಳ್ಳೆಯದು.

ಈ ಪರೀಕ್ಷೆಯಲ್ಲಿ ಮೊದಲು ಸೋಲುವುದು ಶ್ರುತಿ. ಬ್ರಿಟಿಷ್ ಸೇನಾ ಬ್ಯಾಂಡುಗಳು 1920ರ ದಶಕದ ಕೊನೆಗಾಲದವರೆಗೂ ಸುಮಾರು 452 ಹರ್ಟ್ಸ್‌ನ ಏರುಶ್ರುತಿಯಲ್ಲಿ ನುಡಿಸುತ್ತಿದ್ದವು; ಅವುಗಳ ಕ್ಲಾರಿನೆಟ್ಟುಗಳೂ ಆ ಶ್ರುತಿಗೇ ಆದವು. ಇಂದಿನ ಮಾನ 440. ಹೇಳುವುದಕ್ಕೆ ಹನ್ನೆರಡೇ ಹರ್ಟ್ಸ್, ಆದರೆ ಹಾರ್ಮೋನಿಯಂನ ಅಕ್ಕಪಕ್ಕದ ಬಿಳಿ-ಕರಿ ಮನೆಗಳ ಅಂತರದಲ್ಲಿ ಹೆಚ್ಚುಕಡಿಮೆ ಅರ್ಧ. ಊದುಬಾಯಿಯ ಕೆಳಗಿನ ಮೋಟು ತುಂಡನ್ನು, ಅಂದರೆ ಬ್ಯಾರೆಲನ್ನು, ತುಸು ಹೊರಗೆಳೆದು ಕೊಳವೆ ಉದ್ದ ಮಾಡಿದರಾಯಿತಲ್ಲ ಎನ್ನಬಹುದು. ಆಗದು. ಮೇಲಿನ ರಂಧ್ರಗಳ ಮೋಟು ಗಾಳಿಕಂಬಕ್ಕೆ ಆ ಹೆಚ್ಚುವರಿ ಉದ್ದ ದೊಡ್ಡ ಪಾಲು, ಕೆಳಗಿನ ರಂಧ್ರಗಳಿಗೆ ಸಣ್ಣ ಪಾಲು. ಒಂದು ಸ್ವರ ಇಳಿದಷ್ಟು ಇನ್ನೊಂದು ಇಳಿಯುವುದಿಲ್ಲ. ನಮ್ಮ ಕರ್ನಾಟಕ ಸಂಗೀತ ಕಛೇರಿಯವರ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಎ.ಕೆ.ಸಿ. ನಟರಾಜನ್ ಅವರಂಥವರ ಕೈಯಲ್ಲಿ ಕ್ಲಾರಿನೆಟ್ಟೇ ಪ್ರಧಾನ ವಾದ್ಯವಾದಾಗ ತಂಬೂರಿ, ಪಿಟೀಲು, ಮೃದಂಗವೆಲ್ಲ ಅದರ ಶ್ರುತಿಗೇ ಸೇರಿಕೊಳ್ಳುತ್ತವೆ. 452 ಆದರೇನು, 440 ಆದರೇನು? ನಿಜ. ಆದರೆ ಹಾರ್ಮೋನಿಯಮ್ಮೋ ಕೀಬೋರ್ಡೋ ಪಕ್ಕಕ್ಕೆ ಬಂದ ಕೂಡಲೇ ಈ ಸೌಕರ್ಯ ಮುಗಿಯುತ್ತದೆ. ಕೊಳ್ಳುವವರು ಇಷ್ಟು ಕಡಿಮೆಯಾದ ಮೇಲೆ ಬೆಲೆ ಎಲ್ಲಿಂದ ಬರಬೇಕು?

ಶ್ರುತಿ ದಾಟಿದರೆ ಕೀಗಳ ಜೋಡಣೆ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡ ಬೋಮ್ ಪದ್ಧತಿ ಈಗ ಬಹುತೇಕ ಎಲ್ಲ ಕಡೆ ರೂಢಿ. ಹಳೆಯ ಆಲ್ಬರ್ಟ್ ಪದ್ಧತಿಯನ್ನು ಮುಖ್ಯವಾಗಿ ತುರ್ಕಿ, ಗ್ರೀಸ್‌ಗಳ ಜನಪದ ವಾದಕರು ಉಳಿಸಿಕೊಂಡಿದ್ದಾರೆ. ಬಫೆ ಕ್ರಾಂಪೋ ಕಂಪನಿ 1955ರಲ್ಲಿ ತಂದ ಆರ್13 ಮಾದರಿ ಸುಲಭವಾಗಿ ಕೈ ಬದಲಾಯಿಸುವುದು ಪುರಾತನವೆಂದಲ್ಲ, ಆ ಮಾದರಿ ಇಂದಿಗೂ ತಯಾರಾಗುತ್ತಿದೆ, ವಾದಕರ ಬೆರಳಿಗೆ ಅದರ ಪರಿಚಯವಿದೆ ಎಂದು. ಅದೇ ಕಾರಣಕ್ಕೆ ಹೊಸದರ ಬೆಲೆ ಹಳೆಯದಕ್ಕೆ ಮೇಲ್ಮಿತಿಯಾಗುತ್ತದೆ. ಆ ಮಿತಿಯಿಂದ ಪ್ಯಾಡು, ಕಾರ್ಕು ಬದಲಿಸುವ ಖರ್ಚನ್ನು ಕಳೆಯಬೇಕು. ಮೇಲಿನ ತುಂಡಿನಲ್ಲಿ ಬಿರುಕಿದ್ದರೆ ಇನ್ನಷ್ಟು. ಬ್ಯಾರೆಲ್ ಬದಲಾಗಿದ್ದರೆ ಸಹಿಸಬಹುದು. ಮೇಲಿನ, ಕೆಳಗಿನ ತುಂಡುಗಳಲ್ಲಿ ಬೇರೆ ಬೇರೆ ಕ್ರಮಸಂಖ್ಯೆ ಕಂಡರೆ ಚೌಕಾಸಿ ಅಲ್ಲಿಂದಲೇ ಶುರುವಾಗಬೇಕು.