ಕರೆಂಟು ಹೋದಾಗಲ್ಲ, ಬಂದಾಗ ಜೋಪಾನ
ಮನೆಯ ಅಂತರಜಾಲ ಪೆಟ್ಟಿಗೆಯ ರಕ್ಷಣೆ



ಪಂಪ್‌ಸೆಟ್ಟಿನ ಮೋಟಾರು ಸುಡುವುದು ಕರೆಂಟು ಇಲ್ಲದಾಗ ಅಲ್ಲ, ಏರುಪೇರಾಗಿ ಬಂದಾಗ ಎಂಬುದು ತಮಗೆ ಹೊಸ ಮಾತಲ್ಲ. ಮೋಟಾರಿನ ಕಾವಲಿಗೆ ಸ್ಟಾರ್ಟರ್ ಇದೆ, ಫ್ಯೂಸ್ ಇದೆ. ಆದರೆ ಮನೆಯ ಗೋಡೆಯ ಮೇಲೆ ಹಗಲಿರುಳೂ ದೀಪ ಮಿನುಗಿಸುತ್ತಿರುವ ಅಂತರಜಾಲದ ಪೆಟ್ಟಿಗೆಗೆ ಯಾರ ಕಾವಲು?

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೇಬಲ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಈಗ ಎಷ್ಟೋ ಹಳ್ಳಿಗಳಲ್ಲಿ ಕೇಬಲ್ ಮನೆಯೊಳಕ್ಕೂ ಬಂದಿದೆ. ಪಹಣಿ ತೆಗೆಯಲು, ಮಾರುಕಟ್ಟೆ ದರ ನೋಡಲು, ಮಕ್ಕಳ ಪಾಠಕ್ಕೆ ಅದೇ ಆಧಾರ. ಬೆಳೆ ವಿಮೆಗೆ ಹೆಸರು ನೋಂದಾಯಿಸುವ ಕೊನೆಯ ದಿನವೇ ಪೆಟ್ಟಿಗೆ ಸುಟ್ಟರೆ ಆಗುವ ನಷ್ಟ ಪೆಟ್ಟಿಗೆಯ ಬೆಲೆಗಿಂತ ದೊಡ್ಡದು.

ಅಪಾಯ ಬರುವ ದಾರಿ

ಫೈಬರ್ ಕೇಬಲ್ಲಿನೊಳಗಿನ ಗಾಜಿನ ಎಳೆಯಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಆದ್ದರಿಂದ ಪೆಟ್ಟಿಗೆಗೆ ಹೆಚ್ಚಿನ ಅಪಾಯ ಬರುವುದು ಕರೆಂಟಿನ ಪ್ಲಗ್ಗಿನ ಮೂಲಕ. ತಾಮ್ರದ ಟೆಲಿಫೋನ್ ತಂತಿ ಅಥವಾ ಮಾಳಿಗೆಯ ಮೇಲಿನ ಆಂಟೆನಾ ಇದ್ದರೆ ಆ ದಾರಿಯಲ್ಲೂ ಸಿಡಿಲಿನ ಹೊಡೆತ ಒಳಗೆ ಬರಬಹುದು.

ಮನೆಗೆ ಬರಬೇಕಾದ ಕರೆಂಟು 230 ವೋಲ್ಟ್. ಅದನ್ನು ಅಡಾಪ್ಟರ್ ಇಳಿಸಿ ಪೆಟ್ಟಿಗೆಗೆ ಸಾಮಾನ್ಯವಾಗಿ 12 ವೋಲ್ಟ್ ಮಾತ್ರ ಕೊಡುತ್ತದೆ. ಟಿ.ಸಿ. ಬಳಿ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 400 ವೋಲ್ಟಿನ ಹತ್ತಿರದವರೆಗೂ ಬರಬಹುದು. ಬಹುಪಾಲು ಅಡಾಪ್ಟರ್‌ಗಳು 240 ವೋಲ್ಟಿನವರೆಗೆ ಎಂದು ಬರೆದುಕೊಂಡೇ ಬಂದಿರುತ್ತವೆ. ಮುಂದೇನಾಗುವುದೆಂದು ತಾವೇ ಊಹಿಸಬಹುದು.

ಆರಿಸುವ ಕ್ರಮ

1. ಕಂಪ್ಯೂಟರಿನ ಕೆಲಸ ಮುಗಿಸಿ, ಅದನ್ನು ಕ್ರಮವಾಗಿ ಮುಚ್ಚಿರಿ.
2. ವೈಫೈ ರೂಟರ್ ಬೇರೆಯಾಗಿ ಇದ್ದರೆ ಅದನ್ನು ಮೊದಲು ಆರಿಸಿರಿ. ಆಮೇಲೆ ಫೈಬರ್ ಪೆಟ್ಟಿಗೆಯನ್ನು ಆರಿಸಿರಿ.
3. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನು ಕೀಳಿರಿ. ಕೀಳುವಾಗ ಪ್ಲಗ್ಗಿನ ಮೈ ಹಿಡಿಯಬೇಕೇ ಹೊರತು ತಂತಿ ಹಿಡಿದು ಎಳೆಯಬಾರದು. ಒದ್ದೆ ಕೈ ಸಲ್ಲದು.

ಕರೆಂಟು ಹೋದ ಕೂಡಲೇ ಸ್ವಿಚ್ ಆರಿಸುವುದನ್ನು ಮನೆಮಂದಿಯೆಲ್ಲ ರೂಢಿ ಮಾಡಿಕೊಳ್ಳಬೇಕು. ಕರೆಂಟು ಮರಳುವ ಮೊದಲ ಗಳಿಗೆಯ ಏರಿಳಿತ ಆಗ ಪೆಟ್ಟಿಗೆಯನ್ನು ತಟ್ಟುವುದಿಲ್ಲ.

ಹಾಕುವ ಕ್ರಮ

ಕರೆಂಟು ಬಂದೊಡನೆ ಅವಸರ ಬೇಡ. ಐದು ನಿಮಿಷ ಕಾಯಿರಿ. ಬಲ್ಬು ಮಿಣುಕದೆ, ಅತಿಯಾಗಿ ಬೆಳಗದೆ ಒಂದೇ ಸಮನೆ ಉರಿಯುತ್ತಿದ್ದರೆ ಸ್ವಿಚ್ ಹಾಕಬಹುದು. ಮೊದಲು ಫೈಬರ್ ಪೆಟ್ಟಿಗೆ, ಎರಡು ಮೂರು ನಿಮಿಷ ಬಿಟ್ಟು, ಅದರ ದೀಪಗಳು ನೆಲೆನಿಂತ ಮೇಲೆ ರೂಟರ್, ಕೊನೆಗೆ ಕಂಪ್ಯೂಟರ್. ಕಾಲುವೆಗೆ ನೀರು ಬಾರದೆ ತೂಬು ತೆರೆದು ಫಲವಿಲ್ಲವಷ್ಟೆ, ಇದೂ ಹಾಗೆಯೇ.

ಅಂತರಜಾಲ ನಿಧಾನವಾದಾಗ ಒಮ್ಮೆ ಆರಿಸಿ ಹಾಕುವುದು ಒಳ್ಳೆಯ ಉಪಾಯವೇ. ಆದರೆ ಆರಿಸಿದ ಮೇಲೆ ನಿಧಾನವಾಗಿ ಮೂವತ್ತು ಎಣಿಸಿ ಹಾಕಿರಿ. ಒಳಗೆ ಉಳಿದಿರುವ ವಿದ್ಯುತ್ ಇಳಿಯಲು ಅಷ್ಟು ಹೊತ್ತು ಬೇಕು. ಎಲ್.ಒ.ಎಸ್. ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಪೆಟ್ಟಿಗೆಗೆ ಬೆಳಕು ತಲಪುತ್ತಿಲ್ಲವೆಂದು ಅರ್ಥ. ಕೇಬಲ್ಲು ಕಡಿದಿರಬಹುದು, ಬಾಗಿರಬಹುದು. ಆಗ ಎಷ್ಟು ಸಲ ಆರಿಸಿ ಹಾಕಿದರೂ ಪ್ರಯೋಜನವಿಲ್ಲ; ಸಂಪರ್ಕ ಕೊಟ್ಟವರಿಗೆ ತಿಳಿಸಿರಿ. ಕಡಿದ ಕೇಬಲ್ಲಿನ ತುದಿಯೊಳಗೆ ಇಣುಕಿ ನೋಡಬೇಡಿರಿ. ಅದರ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

ಪೆಟ್ಟಿಗೆಯ ಹಿಂಬದಿಯ ಸಣ್ಣ ರಂಧ್ರದೊಳಗಿನ ರಿಸೆಟ್ ಗುಂಡಿಯನ್ನು ಪಿನ್ನಿನಿಂದ ಚುಚ್ಚಬಾರದು. ಅದನ್ನು ಒತ್ತಿ ಹಿಡಿದರೆ ಪೆಟ್ಟಿಗೆಯಲ್ಲಿ ತುಂಬಿಸಿದ್ದ ವಿವರಗಳೆಲ್ಲ ಅಳಿಸಿಹೋಗುತ್ತವೆ.

ಸ್ಪ್ರೇಯರಿನ ಚಾರ್ಜರ್ ಬೇಡ

ಅಡಾಪ್ಟರ್ ಕೆಟ್ಟಾಗ ಬ್ಯಾಟರಿ ಸ್ಪ್ರೇಯರಿನ ಚಾರ್ಜರನ್ನು ಪೆಟ್ಟಿಗೆಗೆ ಸಿಕ್ಕಿಸುವ ಯೋಚನೆ ಯಾರಿಗಾದರೂ ಬರಬಹುದು. ಎರಡರ ಮೇಲೂ 12 ವೋಲ್ಟ್ ಎಂದಿದ್ದರೂ ಎರಡೂ ಒಂದಲ್ಲ. 12 ವೋಲ್ಟಿನ ಬ್ಯಾಟರಿ ತುಂಬಬೇಕಾದರೆ ಚಾರ್ಜರ್ 14 ವೋಲ್ಟಿನಷ್ಟು ಕೊಡಬೇಕಾಗುತ್ತದೆ. ಹೊಸ ಅಡಾಪ್ಟರ್ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಪಿನ್ನಿನ ಧನ, ಋಣ ಗುರುತುಗಳೂ ಹೊಂದಬೇಕು. ಪ್ಲಗ್ಗು ಮುರಿದಾಗ ಬರೀ ತಂತಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಅಭ್ಯಾಸ ಪ್ರಾಣಕ್ಕೇ ಎರವು.

ಪದೇ ಪದೇ ಕರೆಂಟು ಹೋಗುವ ಊರಿನವರು ರೂಟರಿಗೆಂದೇ ದೊರೆಯುವ ಸಣ್ಣ ಯು.ಪಿ.ಎಸ್. ಕೊಳ್ಳುವುದು ಲೇಸು. ಮನೆಯ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ ತೇವ ಉಳಿಸಿರಿ. ಅರ್ಥಿಂಗ್ ಸರಿಯಿಲ್ಲದಿದ್ದರೆ, ಹೊಡೆತ ತಡೆಯಲೆಂದು ತಂದ ಬೆಲೆಯ ಸಾಕೆಟ್ ಬೋರ್ಡು ಕೂಡ ಪೂರ್ಣ ಕೆಲಸ ಮಾಡಲಾರದು.

ಗುಡುಗಿನ ಕಾಲ

ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಗುಡುಗು ಸಿಡಿಲನ್ನು ಜೊತೆಗೇ ತರುವ ಮಳೆಗಳು. ಆಗ ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚಿನೊಳಗಿನ ಅಂತರ ಕೂದಲೆಳೆಯಷ್ಟು. ಸಿಡಿಲಿನ ಹೊಡೆತಕ್ಕೆ ಅದೊಂದು ಅಡ್ಡಿಯಲ್ಲ. ಪ್ಲಗ್ಗನ್ನೇ ಕೀಳಬೇಕು, ತಾಮ್ರದ ತಂತಿಯಿದ್ದರೆ ಅದನ್ನೂ ಬಿಚ್ಚಬೇಕು. ಆದರೆ ಇದೆಲ್ಲ ಮೋಡ ಕವಿಯುತ್ತಿರುವಾಗಲೇ ಆಗಬೇಕು. ಗುಡುಗು ತಲೆಯ ಮೇಲೆ ಬಂದ ನಂತರ ತಂತಿ, ಪ್ಲಗ್ಗುಗಳನ್ನು ಮುಟ್ಟಲೇಬೇಡಿರಿ. ಪೆಟ್ಟಿಗೆ ಹೋದರೆ ಹೋಗಲಿ, ಜೀವ ದೊಡ್ಡದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಜೋಡಿಸಿರಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ಸೂಚನೆ ನೀಡುತ್ತದೆ. ಅದು ಹೊಲದಲ್ಲಿರುವವರಿಗೂ ಉಪಯುಕ್ತ.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವೇನು? ಇಂದೇ ಪೆಟ್ಟಿಗೆಯ ಪ್ಲಗ್ಗು ಎಲ್ಲಿದೆ, ಸ್ವಿಚ್ ಯಾವುದು ಎಂಬುದನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ತೋರಿಸಿಡಿ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಹಾಲಿನ ಡೇರಿಯಲ್ಲಿ ಇಂಥ ಪೆಟ್ಟಿಗೆಯಿದ್ದರೆ ಸಂಜೆ ಬೀಗ ಹಾಕುವವರಿಗೂ ಈ ಕ್ರಮ ತಿಳಿದಿರಲಿ.