ಪಿಕಪ್ ಸ್ಟಾರ್ಟ್ ಆಗದಿದ್ದರೆ ಮೊದಲು ಕಿವಿಗೊಡಿ

ನಮ್ಮ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳ ಮನೆ ನಡೆಯುವುದು ಒಂದು ಹಳೆಯ ಪಿಕಪ್ ಗಾಡಿಯ ಮೇಲೆ. ಒಬ್ಬರ ಮನೆಯಲ್ಲಿ ಹಾಲು, ಇನ್ನೊಬ್ಬರ ಮನೆಯಲ್ಲಿ ಶಾಮಿಯಾನ, ನಮ್ಮ ಮನೆಯಲ್ಲಿ ಟೊಮೆಟೊ. ಅಬ್ಬಾ ಹಳ್ಳಿಗಳಿಂದ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಬಾಡಿಗೆ ಹೊಡೆಯುತ್ತಾರೆ. 15 ಕೆ.ಜಿ.ಯ 80 ಬಾಕ್ಸ್ ಹೇರಿದರೆ 1,200 ಕೆ.ಜಿ. ಮಾಲು. ಹರಾಜಿನ ಹೊತ್ತಿಗೆ ಗಾಡಿ ತಲುಪದಿದ್ದರೆ ರೈತನಿಗೆ ಬೆಲೆ ಸಿಗುವುದಿಲ್ಲ, ನಮಗೆ ಬಾಡಿಗೆ ಸಿಗುವುದಿಲ್ಲ. ಎರಡು ಸಲ ಹೀಗಾದರೆ ಆ ರೈತ ಬೇರೆ ಗಾಡಿ ನೋಡಿಕೊಳ್ಳುತ್ತಾನೆ. ಆದ್ದರಿಂದ ಗಾಡಿ ಸ್ಟಾರ್ಟ್ ಆಗದ ದಿನ ಏನು ಮಾಡಬೇಕು ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಕಲಿತ ಪಾಠ. ಅದನ್ನೇ ಇಲ್ಲಿ ಬರೆದಿದ್ದೇನೆ.

ವಾಣಿಜ್ಯ ವಿಭಾಗದ ಗೆಳೆಯರಿಗೆ ಒಂದು ಹೋಲಿಕೆ ಹೇಳುತ್ತೇನೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ಸಿಕ್ಕ ಸಿಕ್ಕ ಅಂಕಿಯನ್ನು ನಾವು ತಿದ್ದುವುದಿಲ್ಲ. ಮೊದಲು ಕೂಡಿಸಿದ್ದು ಸರಿಯೇ ನೋಡುತ್ತೇವೆ, ಆಮೇಲೆ ಖಾತೆಯ ಶಿಲ್ಕು, ಕೊನೆಗೆ ಒಂದೊಂದೇ ನಮೂದು. ಗಾಡಿಯೂ ಹಾಗೆಯೇ. ಊಹೆಯ ಮೇಲೆ ಬ್ಯಾಟರಿ ಬದಲಿಸುವುದು, ಸೆಲ್ಫ್ ಮೋಟರ್ ಬದಲಿಸುವುದು, ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಕೈತೊಳೆದುಕೊಂಡಂತೆ. ದುಡ್ಡು ಹೋಗುತ್ತದೆ, ತಪ್ಪು ಅಲ್ಲೇ ಉಳಿಯುತ್ತದೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ನಮ್ಮ ಗಾಡಿ ನೋಡುವ ಉಸ್ತಾದ್ ಇದನ್ನು ನಮ್ಮ ಮಾತಿನಲ್ಲಿ ಹೇಳುತ್ತಾರೆ: ‘ಪೈಲೆ ಸುನೋ, ಬಾದ್ ಮೆ ಪಾನಾ ಪಕ್ಡೋ.’ ಅಂದರೆ ಮೊದಲು ಕೇಳಿಸಿಕೊ, ಆಮೇಲೆ ಪಾನಾ ಹಿಡಿ.

ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಕೀ ತಿರುಗಿಸಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ಆಗುತ್ತದೆ. ಒಂದು, ಸದ್ದೇ ಇಲ್ಲ ಅಥವಾ ಬರೀ ‘ಟಿಕ್’. ಎರಡು, ಇಂಜಿನ್ ಏದುಸಿರು ಬಿಡುತ್ತಾ ನಿಧಾನವಾಗಿ ತಿರುಗುತ್ತದೆ. ಮೂರು, ಇಂಜಿನ್ ಜೋರಾಗಿಯೇ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಮೊದಲ ಎರಡು ಬಹುತೇಕ ಕರೆಂಟಿನ ತೊಂದರೆ. ಮೂರನೆಯದು ಹೆಚ್ಚಾಗಿ ಡೀಸೆಲ್ಲಿನದು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಕರೆಂಟಿನ ತೊಂದರೆಗೆ ಹೆಡ್‌ಲೈಟೇ ಮೀಟರ್. ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆಯಿರಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಲೈಟ್ ಚೆನ್ನಾಗಿಯೇ ಇದ್ದು ‘ಟಿಕ್’ ಮಾತ್ರ ಬಂದರೆ ಸೆಲ್ಫ್ ಮೋಟರಿನ ಕಡೆಗೆ ಅಥವಾ ಅದರ ದಪ್ಪ ವೈರುಗಳ ಕಡೆಗೆ ನೋಡಬೇಕು. ಲೈಟ್ ಇದ್ದೂ ‘ಟಿಕ್’ ಕೂಡ ಇಲ್ಲದಿದ್ದರೆ ಕೀ ಸ್ವಿಚ್, ಫ್ಯೂಸ್, ರಿಲೇ ಅಥವಾ ಸೆಲ್ಫಿಗೆ ಹೋಗುವ ಸಣ್ಣ ವೈರ್.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತವಾಗಿ ಹೇಳಬಹುದು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗೆ ಹೋದರೆ ಖಾಲಿ ಎಂದೇ ತಿಳಿಯಿರಿ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಬೀಳಬಾರದು. ಗಾಡಿ ಓಡುತ್ತಿರುವಾಗ ಸುಮಾರು 14 ವೋಲ್ಟ್ ಇರಬೇಕು. ಅಷ್ಟು ಬರದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ಚಾರ್ಜ್ ಮಾಡುವ ಡೈನಮೋದ್ದು ಅಥವಾ ಅದರ ಬೆಲ್ಟಿನದು. ಆಗ ಹೊಸ ಬ್ಯಾಟರಿ ಹಾಕಿದರೆ ಅದೂ ಎರಡು ದಿನದಲ್ಲಿ ಇಳಿಯುತ್ತದೆ.

ಈ ಪರೀಕ್ಷೆಗಳ ಬೆಲೆ ನಮಗೆ ಗೊತ್ತಾದದ್ದು ಕಳೆದ ವರ್ಷ. ನಮ್ಮ ಗಾಡಿ ‘ಟಿಕ್’ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಲೈಟ್ ಮಾತ್ರ ಚೆನ್ನಾಗಿತ್ತು. ನೋಡಿದ ಒಬ್ಬರು ‘ಸೆಲ್ಫ್ ಹೋಗಿದೆ, ಹೊಸದೇ ಹಾಕಿಸಿ’ ಎಂದರು. ಅಬ್ಬಾ ಒಪ್ಪದೆ ಉಸ್ತಾದರನ್ನು ಕರೆಸಿದರು. ಅವರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದನ್ನು ಇಂಜಿನ್ನಿನ ಕಬ್ಬಿಣದ ಮೇಲೆ ಇಟ್ಟು ಸೆಲ್ಫ್ ಹೊಡೆಸಿದರು. ಅಲ್ಲಿ ಅರ್ಧ ವೋಲ್ಟ್‌ಗಿಂತ ಕಡಿಮೆ ಇರಬೇಕು. ಮೀಟರ್ 3 ವೋಲ್ಟ್ ತೋರಿಸಿತು. ಅಂದರೆ ಸೆಲ್ಫಿಗೆ ಹೋದ ಕರೆಂಟಿಗೆ ವಾಪಸ್ ಬರುವ ದಾರಿಯೇ ಸರಿಯಿರಲಿಲ್ಲ. ಇಂಜಿನ್ ಮತ್ತು ಚಾಸಿಯ ನಡುವಿನ ಅರ್ಥ್ ವೈರಿನ ಬೋಲ್ಟ್ ಕೆಳಗೆ ತುಕ್ಕು ತುಂಬಿತ್ತು. ಬ್ಯಾಟರಿಯ ಮೈನಸ್ ಬಿಚ್ಚಿ, ಆ ಬೋಲ್ಟ್ ತೆಗೆದು, ಎಮರಿ ಪೇಪರಿನಿಂದ ಉಜ್ಜಿ ಬಿಗಿದರು. ಗಾಡಿ ಒಂದೇ ಸೆಲ್ಫಿಗೆ ಎದ್ದಿತು. ಹೊಸ ಸೆಲ್ಫ್ ಹಾಕಿಸಿದ್ದರೆ ಸಾವಿರಾರು ರೂಪಾಯಿ ಕೊಟ್ಟೂ ಅದೇ ‘ಟಿಕ್’ ಕೇಳಬೇಕಾಗಿತ್ತು.

ಈಗ ಮೂರನೆಯ ತರಹ: ಇಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಆ ಬಿಸಿಗೆ ನಾಝಲ್ಲಿನಿಂದ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಬೇಕಾದದ್ದು ಎರಡೇ: ಸಾಕಷ್ಟು ಬಿಸಿ, ಗಾಳಿಗುಳ್ಳೆ ಇಲ್ಲದ ಡೀಸೆಲ್.

ಯಾವುದು ಇಲ್ಲ ಎಂಬುದನ್ನು ಸೈಲೆನ್ಸರ್ ಹೇಳುತ್ತದೆ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್ ಇರುವ ಗಾಡಿಯಾದರೆ ಮೊದಲು ಅದನ್ನು ನೋಡಿಸಿ. ಅದು ಸರಿಯಿದ್ದರೆ ಕಂಪ್ರೆಷನ್ ಪರೀಕ್ಷೆ, ಅದು ಗ್ಯಾರೇಜಿನ ಕೆಲಸ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ನಗಬೇಡಿ, ಹಳೆಯ ಗಾಡಿಯ ಮುಳ್ಳು ಸುಳ್ಳು ಹೇಳುತ್ತದೆ. ಕೀ ಆನ್ ಮಾಡಿದಾಗ ಡೀಸೆಲ್ ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್ ‘ಟಕ್’ ಎನ್ನುತ್ತದೆಯೇ? ಅದಕ್ಕೆ ಕರೆಂಟ್ ಹೋಗದಿದ್ದರೆ ಡೀಸೆಲ್ಲಿನ ಬಾಗಿಲೇ ತೆರೆಯುವುದಿಲ್ಲ. ಕೆಲವು ಗಾಡಿಗಳಲ್ಲಿ ಇದರ ಬದಲು ಕೈಯಲ್ಲಿ ಎಳೆಯುವ ಸ್ಟಾಪ್ ಕೇಬಲ್ ಇರುತ್ತದೆ. ಅದು ಅರ್ಧದಲ್ಲಿ ಸಿಕ್ಕಿಕೊಂಡಿದ್ದರೂ ಇದೇ ಗತಿ.

ಇನ್ನು ‘ಏರ್ ಹಿಡಿಯುವುದು’. ಟ್ಯಾಂಕ್ ಬರಿದಾದರೆ ಅಥವಾ ಪೈಪ್ ಸೀಳಿದರೆ ಲೈನಿನೊಳಗೆ ಗಾಳಿ ಸೇರುತ್ತದೆ. ಪಂಪ್ ಒತ್ತಿದಾಗ ಗಾಳಿ ಕುಗ್ಗುತ್ತದೆ, ಡೀಸೆಲ್ ಮುಂದಕ್ಕೆ ಹೋಗುವುದಿಲ್ಲ. ಹಳೆಯ ಗಾಡಿಯಲ್ಲಿ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ ಹೋದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಆಗ ಸ್ಕ್ರೂ ಬಿಗಿಯಿರಿ. ಫಿಲ್ಟರಿನ ತಳದಲ್ಲಿ ನೀರು ನಿಂತಿದ್ದರೆ ಕೆಳಗಿನ ಸ್ಕ್ರೂನಿಂದ ಇಳಿಸಿ.

ಕೆಲವು ಎಚ್ಚರಿಕೆಗಳು. ಸೆಲ್ಫನ್ನು ಒಂದೇ ಸಮನೆ 10–15 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ, ಇಲ್ಲದಿದ್ದರೆ ಮೋಟರ್ ಸುಡುತ್ತದೆ. ಏರ್ ಫಿಲ್ಟರಿಗೆ ಪೆಟ್ರೋಲ್ ಸುರಿಯುವ ಸಾಹಸ ಬೇಡ, ಬೆಂಕಿ ಹೊತ್ತಬಹುದು. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಬೇರೆ ಗಾಡಿಯಿಂದ ಕರೆಂಟ್ ಕೊಡುವಾಗ ಪ್ಲಸ್‌ಗೆ ಪ್ಲಸ್ ಜೋಡಿಸಿ. ಕೊನೆಯ ಮೈನಸ್ ವೈರನ್ನು ಇಳಿದ ಬ್ಯಾಟರಿಗೆ ಹಾಕದೆ, ದೂರದಲ್ಲಿ ಇಂಜಿನ್ನಿನ ಕಬ್ಬಿಣಕ್ಕೆ ಹಾಕಿ. ಎಲ್ಲಕ್ಕಿಂತ ಮುಖ್ಯ, ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ನಾಝಲ್ ಪೈಪ್ ಬಿಚ್ಚಲೇಬೇಡಿ. ಅಲ್ಲಿನ ಒತ್ತಡ 1,000 ಬಾರ್ ಮೀರಬಹುದು, ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರುತ್ತದೆ.

ಇದನ್ನೆಲ್ಲ ಓದಿ ನೀವು ಮೆಕ್ಯಾನಿಕ್ ಆಗಬೇಕಿಲ್ಲ. ಆದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ‘ಗಾಡಿ ಸ್ಟಾರ್ಟ್ ಆಗ್ತಿಲ್ಲ’ ಎನ್ನುವ ಬದಲು ‘ಟಿಕ್ ಅಂತದೆ, ಲೈಟ್ ಚೆನ್ನಾಗಿದೆ’ ಅಥವಾ ‘ಚೆನ್ನಾಗಿ ತಿರುಗ್ತದೆ, ಹೊಗೆ ಬರ್ತಿಲ್ಲ’ ಎನ್ನಿ. ಅವರು ಸರಿಯಾದ ಸಾಮಾನು ಹಿಡಿದು ಬರುತ್ತಾರೆ, ಸಮಯ ಉಳಿಯುತ್ತದೆ. ನಿಮಗೆ ಬೇಡದ ಸಾಮಾನು ಮಾರುವುದೂ ಅಷ್ಟು ಸುಲಭವಾಗುವುದಿಲ್ಲ.