ಸತ್ತ ತಂತಿಗೆ ಗತಿ ಕಾಣಿಸುವವರಾರು?

ಕವಿತಾಳ: ರಾಯಚೂರು–ಲಿಂಗಸುಗೂರು ಬಸ್ಸು ಇಲ್ಲಿ ನಿಂತಾಗ ಕಿಟಕಿಯಿಂದ ಸ್ವಲ್ಪ ತಲೆಯೆತ್ತಿ ನೋಡಿ. ಎಲ್ಲ ಊರುಗಳ ಹಾಗೆ ಇಲ್ಲೂ ಅಂಗಡಿ ಸಾಲಿನ ನೆತ್ತಿಯ ಮೇಲೆ ಕರಿ ತಂತಿಗಳ ಗೋಜಲು. ಇದರಲ್ಲಿ ಜೀವ ಇದ್ದದ್ದೆಷ್ಟು, ಸತ್ತದ್ದೆಷ್ಟು? ಕೇಳಿದರೆ ಸಿಗುವ ಉತ್ತರ ಒಂದೇ: ‘ಇರ್ಲಿ ಬಿಡ್ರಿ, ಅದೇನ್ ಅನ್ನ ಕೇಳ್ತದಾ?’

ಅನ್ನ ಕೇಳುವುದಿಲ್ಲ, ನಿಜ. ಆದರೆ ಬೆಂಕಿ ಬಿದ್ದ ದಿನ ಆ ತಂತಿಯ ಪ್ಲಾಸ್ಟಿಕ್ಕೇ ಉರುವಲು. ಕರೆಂಟಿನ ವೈರಿಗೆ ತಾಗಿದರೆ ಸತ್ತ ತಂತಿಗೂ ಜೀವ ಬರುತ್ತದೆ. ಮುಟ್ಟಿದವನ ಜೀವ ಹೋಗುತ್ತದೆ.

1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್‌ನ 128 ಲೈನಿನ ಎಕ್ಸ್‌ಚೇಂಜ್ ಶುರುವಾದ ಮೇಲೆ ಹಳ್ಳಿಗಳಿಗೂ ಫೋನು ಬಂತು. ಎಸ್‌ಟಿಡಿ ಬೂತು ಆಯಿತು, ಟೀವಿ ಕೇಬಲ್ಲು ಆಯಿತು, ಕಂಪ್ಯೂಟರ್ ತಂತಿಯೂ ಆಯಿತು. ಈಗ ಫೈಬರಿನ ಕಾಲ. ಹೊಸದನ್ನು ಎಳೆಯಲು ಆಳು ಬರುತ್ತಾನೆ, ಹಳೆಯದನ್ನು ಕೀಳಲು ಯಾರೂ ಬರುವುದಿಲ್ಲ. ಅಮೆರಿಕದ ವಿದ್ಯುತ್ ಸಂಹಿತೆ 2002ರಲ್ಲೇ ಹೇಳಿತು: ಬಳಕೆ ತಪ್ಪಿದ, ಕೈಗೆಟುಕುವ ಕೇಬಲ್ ಕಿತ್ತು ಹಾಕಿ, ಮುಂದೆ ಬೇಕೆಂದರೆ ಚೀಟಿ ಕಟ್ಟಿ ಇಡಿ.

ಎಲ್ಲವೂ ಗುಜರಿಯಲ್ಲ. ನಾಲ್ಕು ಜೋಡಿ, ಎಂಟು ಎಳೆಯ ಕ್ಯಾಟ್-5ಇ ತಂತಿ ತುಂಡಾಗದೆ ಇದ್ದರೆ 100 ಮೀಟರ್‌ವರೆಗೆ ಇಂದಿಗೂ ಗಿಗಾಬಿಟ್ ವೇಗ ಕೊಡುತ್ತದೆ. ಗಲ್ಲಾಪೆಟ್ಟಿಗೆಯ ಮೇಲಿನ ಕ್ಯಾಮೆರಾಕ್ಕೆ ಅದೇ ಸಾಕು. ಹಳೆ ಫೋನ್ ತಂತಿ ಕೆಳಗಿನ ಅಂಗಡಿಗೂ ಮೇಲಿನ ಗೋದಾಮಿಗೂ ಇಂಟರ್‌ಕಾಂ ಆದೀತು. ಅದೂ ಬೇಡವೆಂದರೆ ಪೈಪಿನೊಳಗೆ ಹೊಸ ತಂತಿ ಎಳೆಯಲು ಹಗ್ಗವಾದೀತು. ಕೀಳುವ ಮುನ್ನ ಬಲ್ಲವರಿಂದ ಮೀಟರ್ ಹಿಡಿಸಿ ನೋಡಬೇಕು, ಅಷ್ಟೆ. ಕಂಬದಿಂದ ಬಂದದ್ದು ಕಂಪನಿಯ ಸ್ವತ್ತು. ಅದಕ್ಕೆ ಕತ್ತರಿ ಹಾಕುವ ಮೊದಲು ಅವರನ್ನೇ ಕರೆಯಬೇಕು.

ತಾಮ್ರದಾಸೆಗೆ ತಂತಿ ಸುಡುವುದು ಮಾತ್ರ ಬೇಡವೇ ಬೇಡ. ಪಿವಿಸಿ ಸುಟ್ಟರೆ ಹೊಗೆಯಲ್ಲಿ ಆಮ್ಲವೂ ಡಯಾಕ್ಸಿನ್ ವಿಷವೂ ಇರುತ್ತವೆ. ಆ ಹೊಗೆ ಕುಡಿಯುವವರು ಬಸ್ಸಿಗೆ ಕಾದವರು, ಶಾಲೆಗೆ ಹೊರಟ ಮಕ್ಕಳು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಸಿಪ್ಪೆ ಸುಲಿದು ಮಾರಿದರೂ ತಾಮ್ರ ತಾಮ್ರವೇ. ಅದರ ಮೇಲೆ, ಸುಟ್ಟು ಕಪ್ಪಾದ ತಾಮ್ರಕ್ಕಿಂತ ಸುಲಿದ ತಾಮ್ರಕ್ಕೆ ಗುಜರಿಯಲ್ಲಿ ಬೆಲೆ ಹೆಚ್ಚು.

ಬಾಡಿಗೆದಾರ ಖಾಲಿ ಮಾಡುವಾಗ ಮಾಲೀಕರು ಕೀಲಿಕೈ ಎಣಿಸಿ ತೆಗೆದುಕೊಳ್ಳುತ್ತಾರೆ. ಜೊತೆಗೆ ಒಮ್ಮೆ ತಂತಿಯನ್ನೂ ಎಣಿಸಿದರೆ ಅರ್ಧ ಗೋಜಲು ಅಲ್ಲೇ ಬಿಡಿಸಿದಂತೆ.